ಎಂಟು ಸಾವಿರ ರೂಪಾಯಿ, ಒಂದು ಲ್ಯಾಪ್‌ಟಾಪ್, ನೋಯುವ ಕತ್ತು: ಮನೆಯಲ್ಲಿ ಕೆಲಸದ ಜಾಗ ಹೇಗೆ ಮಾಡಿಕೊಳ್ಳಲಿ?

ಶರಾವತಿ ತೀರ | ಸಾಗರ | ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ಒಂದು ಹಳ್ಳಿ ನಮ್ಮದು. ಎರಡು ವರ್ಷದಿಂದ ಮನೆಯಿಂದಲೇ ಅನುವಾದ ಮತ್ತು ಕರಡು ತಿದ್ದುವ ಕೆಲಸ ಮಾಡುತ್ತಿದ್ದೇನೆ. ದಿನಕ್ಕೆ ಆರೇಳು ಗಂಟೆ ಲ್ಯಾಪ್‌ಟಾಪ್ ಮುಂದೆ ಇರುತ್ತೇನೆ. 15.6 ಇಂಚಿನ ಲ್ಯಾಪ್‌ಟಾಪ್, ಊಟದ ಮೇಜು, ಪ್ಲಾಸ್ಟಿಕ್ ಕುರ್ಚಿ. ಇಷ್ಟೇ ನನ್ನ ಆಫೀಸು.

ಮೂರು ತಿಂಗಳಿಂದ ಕತ್ತಿನ ಹಿಂಭಾಗ ಹಿಡಿದುಕೊಳ್ಳುತ್ತಿದೆ. ಸಂಜೆ ಹೊತ್ತಿಗೆ ಬಲ ಭುಜ ಕಲ್ಲಿನ ಹಾಗೆ ಆಗುತ್ತದೆ. ಡಾಕ್ಟರಿಗೆ ತೋರಿಸಿದೆ. ಮೂಳೆಗೆ ಏನೂ ಆಗಿಲ್ಲ, ಕೂರುವ ರೀತಿ ಸರಿ ಮಾಡಿಕೊಳ್ಳಿ ಎಂದರು. ಆ "ಸರಿ" ಹೇಗಿರುತ್ತದೆ ಅನ್ನೋದೇ ನನಗೆ ಗೊತ್ತಿಲ್ಲ.

ಎಂಟು ಸಾವಿರ ಎತ್ತಿಟ್ಟಿದ್ದೇನೆ. ಅದಕ್ಕಿಂತ ಜಾಸ್ತಿ ಈ ವರ್ಷ ಆಗುವುದಿಲ್ಲ. ನನ್ನ ಎತ್ತರ 5 ಅಡಿ 1 ಇಂಚು. ಮನೆ ಹಳೆಯದು, ಜಂಬಿಟ್ಟಿಗೆಯ ದಪ್ಪ ಗೋಡೆ. ರೂಟರ್ ಜಗಲಿಯಲ್ಲಿದೆ, ನನ್ನ ಕೋಣೆಗೆ ಸಿಗ್ನಲ್ ಸರಿಯಾಗಿ ಬರುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಎಷ್ಟೊತ್ತಿಗೆ ಹೋಗುತ್ತದೋ ಹೇಳಲಾಗದು. ಆನ್‌ಲೈನಿನಲ್ಲಿ 7,500ಕ್ಕೆ ಒಂದು ಗೇಮಿಂಗ್ ಕುರ್ಚಿ ನೋಡಿದೆ. ತೆಗೆದುಕೊಳ್ಳಲಾ? ಅಥವಾ ಬೇರೆ ದಾರಿ ಇದೆಯಾ?

ಗದಗಿನ ಡಿಟಿಪಿ | ಗದಗ | ಭಾನುವಾರ ರಾತ್ರಿ

ಅಕ್ಕಾ, ಆ ಕುರ್ಚಿ ಈಗಲೇ ತೆಗೆದುಕೊಳ್ಳಬೇಡಿ. ಇಡೀ ದುಡ್ಡು ಅಲ್ಲೇ ಮುಗಿಯುತ್ತದೆ, ಕತ್ತು ಹಾಗೇ ಉಳಿಯುತ್ತದೆ.

ನಮ್ಮೂರಲ್ಲಿ ಗಲ್ಲಿಗೊಂದು ಪ್ರಿಂಟಿಂಗ್ ಪ್ರೆಸ್. ನಾನು ಇಪ್ಪತ್ತು ವರ್ಷದಿಂದ ಕನ್ನಡ ಟೈಪ್ ಮಾಡುತ್ತಿದ್ದೇನೆ. ನನಗೂ ಇದೇ ನೋವಿತ್ತು. ಲ್ಯಾಪ್‌ಟಾಪಿನ ತೊಂದರೆ ಏನೆಂದರೆ ಪರದೆ ಮತ್ತು ಕೀಲಿಮಣೆ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಸರಿಯಾಗುವ ಎತ್ತರದಲ್ಲಿಟ್ಟರೆ ಕತ್ತು ಬಗ್ಗಬೇಕು. ಕಣ್ಣಿಗೆ ಸರಿಯಾಗಿ ಇಟ್ಟರೆ ಕೈ ಎತ್ತಬೇಕು. ಎರಡನ್ನೂ ಬಿಡಿಸದೆ ಯಾವ ಕುರ್ಚಿ ತಂದರೂ ಪ್ರಯೋಜನವಿಲ್ಲ. ಅದಕ್ಕೆ ಮೊದಲ ಖರ್ಚು ಬೇರೆ ಕೀಬೋರ್ಡ್ ಮತ್ತು ಮೌಸ್. ವೈರಿನದೇ ಸಾಕು, ಸಾವಿರದೊಳಗೆ ಎರಡೂ ಬರುತ್ತವೆ. ಲ್ಯಾಪ್‌ಟಾಪನ್ನು ನಾಲ್ಕು ದಪ್ಪ ಪುಸ್ತಕದ ಮೇಲೆ ಏರಿಸಿ. ಪರದೆಯ ಮೇಲಿನ ಅಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಬರಲಿ. ಕೈ ಚಾಚಿದರೆ ಬೆರಳು ಪರದೆಗೆ ತಾಗಬೇಕು, ಅಷ್ಟು ದೂರ.

ಇನ್ನೊಂದು ಮಾತು. ಇದನ್ನು ಇಂಗ್ಲಿಷ್ ಟೈಪ್ ಮಾಡುವವರು ಹೇಳುವುದಿಲ್ಲ, ಯಾಕೆಂದರೆ ಅವರಿಗೆ ಈ ಕಷ್ಟ ಇಲ್ಲ. ನಮ್ಮ ಒತ್ತಕ್ಷರ. "ಸ್ತ್ರೀ", "ರಾಷ್ಟ್ರ" ಅಂತ ಬರೆದಾಗ ಕೆಳಗಿನ ಒತ್ತು ಎಷ್ಟು ಚಿಕ್ಕದಾಗಿ ಬರುತ್ತದೆ ನೋಡಿ. ಕರಡು ತಿದ್ದುವಾಗ ಅದು ತ ಒತ್ತೋ ಟ ಒತ್ತೋ ನೋಡಬೇಕು. ಕಾಣದಿದ್ದಾಗ ಗೊತ್ತಿಲ್ಲದೇ ಮುಖ ಪರದೆ ಹತ್ತಿರ ಹೋಗುತ್ತದೆ. ಆರು ಗಂಟೆ ಹಾಗೇ ಕತ್ತು ಮುಂದೆ ಚಾಚಿ ಕೂತರೆ ಭುಜ ಕಲ್ಲಾಗದೆ ಏನಾಗುತ್ತದೆ? ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಸ್ಕೇಲ್ 125 ಮಾಡಿ. ವರ್ಡ್‌ನಲ್ಲಿ ಜೂಮ್ 140 ಇಡಿ. ಅಕ್ಷರ ದೊಡ್ಡದಾದರೆ ಕತ್ತು ತಾನಾಗಿಯೇ ಹಿಂದೆ ಬರುತ್ತದೆ. ಇದಕ್ಕೆ ಒಂದು ಪೈಸೆಯೂ ಬೇಡ. ಇವತ್ತು ರಾತ್ರಿಯೇ ಮಾಡಿ.

ಎಸ್‌ಪಿ ರೋಡ್ ಸುತ್ತಾಟ | ಬೆಂಗಳೂರು | ಸೋಮವಾರ ಬೆಳಿಗ್ಗೆ

ಕೀಬೋರ್ಡ್ ಸರಿ. ಆದರೆ ನಾನು ಹೇಳುವುದು, ಒಂದು ಹಳೆಯ ಮಾನಿಟರ್ ತೆಗೆದುಕೊಳ್ಳಿ. ಸಾದರ್ ಪತ್ರಪ್ಪ ರಸ್ತೆಯಲ್ಲಿ ಕಂಪನಿಗಳು ಬಳಸಿ ಬಿಟ್ಟ 22 ಇಂಚಿನ ಮಾನಿಟರುಗಳು ಮೂರೂವರೆ ಸಾವಿರದ ಆಸುಪಾಸಿನಲ್ಲಿ ಸಿಗುತ್ತವೆ. ನಾನು ಎರಡು ತಂದಿದ್ದೇನೆ, ಎರಡೂ ಚೆನ್ನಾಗಿವೆ. ಒಂದು ಕಡೆ ಮೂಲ, ಇನ್ನೊಂದು ಕಡೆ ಅನುವಾದ ಇಟ್ಟುಕೊಂಡರೆ ಕೆಲಸ ಎಷ್ಟು ಹಗುರ ಅಲ್ವಾ?

ತೆಗೆದುಕೊಳ್ಳುವಾಗ ಅಂಗಡಿಯಲ್ಲೇ ಹಚ್ಚಿ ನೋಡಿ. ಪೂರ್ತಿ ಬಿಳಿ ಚಿತ್ರ ಹಾಕಿಸಿ, ಅಂಚುಗಳು ಹಳದಿ ಆಗಿದ್ದರೆ ಬೇಡ. ಪೂರ್ತಿ ಕಪ್ಪು ಹಾಕಿಸಿ, ಬೆಳಕಿನ ಚುಕ್ಕೆ ಇದ್ದರೆ ಬೇಡ. ಹಿಂದೆ ಚಿತ್ರದ ಕೇಬಲ್ ಹಚ್ಚುವ ಎಚ್‌ಡಿಎಂಐ ಕಿಂಡಿ ಇದೆಯಾ ನೋಡಿ. ಬರೀ ಹಳೆಯ ವಿಜಿಎ ಕಿಂಡಿ ಇದ್ದರೆ ಕನ್ವರ್ಟರ್ ಬೇಕು. ಆ ಕನ್ವರ್ಟರಿಗೆ ದಿಕ್ಕು ಇರುತ್ತದೆ, ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವುದನ್ನೇ ಕೇಳಿ ತೆಗೆದುಕೊಳ್ಳಿ. ಉಲ್ಟಾ ತಂದರೆ ಕೆಲಸ ಮಾಡುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಟೈಪ್-ಸಿ ಕಿಂಡಿ ಇದೆ ಅಂತ ಅದಕ್ಕೆ ಮಾನಿಟರ್ ಹಚ್ಚಬಹುದು ಅಂದುಕೊಳ್ಳಬೇಡಿ. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಆ ಕಿಂಡಿ ಬರೀ ಡೇಟಾಕ್ಕೆ, ಅದರಿಂದ ಚಿತ್ರ ಬರುವುದಿಲ್ಲ. ನಾನು 1,800 ಕೊಟ್ಟು ಒಂದು ಅಡಾಪ್ಟರ್ ತಂದ ಮೇಲೆ ಇದು ಗೊತ್ತಾಯಿತು. ಮೊದಲು ನಿಮ್ಮ ಮಾಡೆಲಿನ ವಿವರ ಪುಟ ಓದಿ.

ಮತ್ತೆ, ಮನೆಯಲ್ಲಿರುವ 32 ಇಂಚಿನ ಟಿವಿಯನ್ನೇ ಹಚ್ಚೋಣ ಅಂತ ಯಾರಾದರೂ ಹೇಳಿದರೆ ಬೇಡ. ಆ ಅಳತೆಯ ಎಷ್ಟೋ ಟಿವಿಗಳಲ್ಲಿ 1366 x 768 ಚುಕ್ಕೆಗಳಷ್ಟೇ. ಮೇಜಿನಷ್ಟು ಹತ್ತಿರದಿಂದ ಅಕ್ಷರ ಕಲಸಿ ಕಾಣುತ್ತದೆ. ಒತ್ತಕ್ಷರವಂತೂ ಬಿಡಿ.

ಗದಗಿನ ಡಿಟಿಪಿ | ಗದಗ | ಸೋಮವಾರ ಬೆಳಿಗ್ಗೆ

ಮಾನಿಟರ್ ಒಳ್ಳೆಯದೇ. ಆದರೆ ಎಂಟು ಸಾವಿರದಲ್ಲಿ ಅದೂ ಬಂದರೆ ಕುರ್ಚಿ ಮೇಜಿಗೆ ಏನು ಉಳಿಯುತ್ತದೆ? ಲ್ಯಾಪ್‌ಟಾಪಿನ ಪರದೆಯನ್ನೇ ಮೇಲೆ ಏರಿಸಿದರೆ ಈ ವರ್ಷಕ್ಕೆ ಸಾಕು. ಮಾನಿಟರ್ ಮುಂದಿನ ವರ್ಷ ಬರಲಿ.

ಹಲಗೆ ಉಳಿ | ತೀರ್ಥಹಳ್ಳಿ | ಸೋಮವಾರ ಸಂಜೆ

ನಾನು ಮರಗೆಲಸದವನು. ಮೇಜಿನ ವಿಷಯ ನಾನು ಹೇಳುತ್ತೇನೆ.

ಸಾಮಾನ್ಯವಾಗಿ ನಾವು ಊಟದ ಮೇಜನ್ನು ನೆಲದಿಂದ 30 ಇಂಚಿಗೆ ಮಾಡುತ್ತೇವೆ. ಊಟಕ್ಕೆ ಅದು ಸರಿ. 5 ಅಡಿ 1 ಇಂಚಿನವರು ಅದರ ಮೇಲೆ ದಿನವಿಡೀ ಟೈಪ್ ಮಾಡಿದರೆ ಎರಡೂ ಭುಜ ಮೇಲಕ್ಕೆ ಎತ್ತಿಕೊಂಡೇ ಇರಬೇಕು. ನಿಮ್ಮ ಭುಜದ ನೋವಿಗೆ ಇದೇ ಕಾರಣ ಇರಬಹುದು. ಕತ್ತಿನದಕ್ಕೆ ಗದಗಿನವರು ಹೇಳಿದ್ದು.

ಒಂದು ಕೆಲಸ ಮಾಡಿ. ಕುರ್ಚಿಯಲ್ಲಿ ಬೆನ್ನು ತಾಗಿಸಿ ಕೂರಿ. ಪಾದ ಪೂರ್ತಿ ನೆಲಕ್ಕೆ ಊರಲಿ. ತೋಳನ್ನು ಸಡಿಲ ಬಿಟ್ಟು ಮೊಣಕೈ ಮಡಚಿ, ಮುಂಗೈ ನೆಲಕ್ಕೆ ಸಮ ಇರಲಿ. ಬೇರೆ ಯಾರಾದರೂ ನೆಲದಿಂದ ಮೊಣಕೈ ಕೆಳಗಿನವರೆಗೆ ಟೇಪು ಹಿಡಿಯಲಿ. ಅದೇ ನಿಮ್ಮ ಕೀಬೋರ್ಡಿನ ಎತ್ತರ. ಇದು ಒಬ್ಬೊಬ್ಬರಿಗೆ ಒಂದೊಂದು ಥರ. ಅಂಗಡಿಯಲ್ಲಿ ಸಿಗುವ ಮೇಜು ಇದನ್ನು ಕೇಳುವುದಿಲ್ಲ.

ಅಳತೆ ಬಂದ ಮೇಲೆ ಎರಡು ದಾರಿ. ಮೇಜು ಅದೇ ಇರಲಿ ಅಂದರೆ ಕುರ್ಚಿಯನ್ನು ಏರಿಸಬೇಕು, ಕಾಲ ಕೆಳಗೆ ಅಷ್ಟೇ ಎತ್ತರದ ಮಣೆ ಇಡಬೇಕು. ಕಾಲು ನೇತಾಡಬಾರದು, ತೊಡೆಯ ಕೆಳಗೆ ಒತ್ತಿ ಜೋಮು ಹಿಡಿಯುತ್ತದೆ. ಇಲ್ಲ, ಹೊಸ ಮೇಜೇ ಬೇಕು ಅಂದರೆ ಹಳೆಯ ಫ್ಲಶ್ ಬಾಗಿಲು, ಅಂದರೆ ಎರಡೂ ಕಡೆ ಸಪಾಟಾದ ಬಾಗಿಲು, ಹುಡುಕಿ. ಮನೆ ಒಡೆದ ಸಾಮಾನು ಮಾರುವಲ್ಲಿ ಸಿಗುತ್ತದೆ. ಎರಡೂವರೆ ಅಡಿ ಅಗಲ ಇರುತ್ತದೆ. ಉದ್ದ ಆರೂವರೆ ಅಡಿ, ಅದನ್ನು ನಾಲ್ಕು ಅಡಿಗೆ ಕತ್ತರಿಸಿದರೆ ಚಂದದ ಮೇಜಿನ ಹಲಗೆ ಆಯಿತು. ಬೀಗದ ತೂತು ಇರುವ ಕಡೆಯನ್ನೇ ಉಳಿಸಿಕೊಂಡು ಗೋಡೆಯ ಕಡೆ ಹಾಕಿಸಿ, ವೈರು ಇಳಿಸಲು ಆಗುತ್ತದೆ. ಕಾಲಿಗೆ ಅಕೇಶಿಯಾ ಸಾಕು. ನಮ್ಮ ಕಡೆ ಬೇಕಾದಷ್ಟಿದೆ, ಅಗ್ಗ, ಗಟ್ಟಿ. ಆದರೆ ಒಣಗಿದ ಮರವೇ ಆಗಬೇಕು, ಹಸಿಯದಾದರೆ ಸೀಳುತ್ತದೆ.

ಮುಖ್ಯವಾದದ್ದು ಕೇಳಿ. ಬಡಗಿಗೆ ಮೇಜು ಅಂದ ತಕ್ಷಣ ಹಲಗೆಯ ಕೆಳಗೆ ಸುತ್ತ ನಾಲ್ಕು ಇಂಚಿನ ಪಟ್ಟಿ ಹೊಡೆಯುವ ರೂಢಿ. ಸಾಧ್ಯವಾದರೆ ಒಂದು ಡ್ರಾಯರ್ ಕೂಡ. ತಗ್ಗಿನ ಮೇಜಿಗೆ ಆ ಪಟ್ಟಿ ಮುಂದೆ ಬಂದರೆ ತೊಡೆ ಸಿಕ್ಕಿಕೊಳ್ಳುತ್ತದೆ. ಮುಂದೆ ಪಟ್ಟಿ ಬೇಡ, ಡ್ರಾಯರ್ ಬೇಡ, ಹಿಂದೆ ಮತ್ತು ಪಕ್ಕದಲ್ಲಿ ಮಾತ್ರ ಅಂತ ಮೊದಲೇ ಹೇಳಿ.

ಕೊನೆಯದು. ಕುರ್ಚಿ ಮನೆಗೆ ಬರುವ ಮೊದಲು ಮೇಜು ಮಾಡಿಸಬೇಡಿ. ಕುರ್ಚಿ ಬದಲಾದರೆ ಅಳತೆಯೂ ಬದಲಾಗುತ್ತದೆ.

ಶರಾವತಿ ತೀರ | ಸಾಗರ | ಮಂಗಳವಾರ ರಾತ್ರಿ

ತುಂಬಾ ತುಂಬಾ ಥ್ಯಾಂಕ್ಸ್. ಇವತ್ತು ಅಮ್ಮ ಟೇಪು ಹಿಡಿದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಾಗ ನನ್ನ ಮೊಣಕೈ 24½ ಇಂಚಿನಲ್ಲಿದೆ. ಊಟದ ಮೇಜು ಸರಿಯಾಗಿ 30. ಲ್ಯಾಪ್‌ಟಾಪಿನ ದಪ್ಪ ಬೇರೆ. ಅಂದರೆ ಎರಡು ವರ್ಷ ನಾನು ಆರು ಇಂಚು ಮೇಲೆ ಕೈ ಇಟ್ಟು ಟೈಪ್ ಮಾಡಿದ್ದೇನೆ! ಸಂಖ್ಯೆಯಲ್ಲಿ ನೋಡಿದಾಗ ಅಳುವೇ ಬಂತು.

ಅಕ್ಷರ ದೊಡ್ಡದು ಮಾಡಿದ್ದು ನಿನ್ನೆಯಿಂದಲೇ ಗೊತ್ತಾಗುತ್ತಿದೆ. ಬೆನ್ನು ಕುರ್ಚಿಗೆ ತಾಗಿಸಿಕೊಂಡೇ ಓದಲು ಆಗುತ್ತಿದೆ.

ಎರಡು ಪ್ರಶ್ನೆ. ನಮ್ಮ ಮನೆಯಲ್ಲಿ ಅಜ್ಜನ ವ್ಯಾಸಪೀಠ ಇದೆ, ಅದರ ಮೇಲೆ ಲ್ಯಾಪ್‌ಟಾಪ್ ಇಡಬಹುದಾ? ಎರಡನೆಯದು, ಚಾರ್ಜ್ ಆಗುತ್ತಿರುವಾಗ ಲ್ಯಾಪ್‌ಟಾಪಿನ ಮೇಲೆ ಕೈ ಇಟ್ಟರೆ ಸಣ್ಣಗೆ ಜುಂ ಅನ್ನುತ್ತದೆ. ಚಪ್ಪಲಿ ಹಾಕಿಕೊಂಡರೆ ಇಲ್ಲ. ಇದು ಮಾಮೂಲಾ?

ತಂತಿ ಕೆಲಸ | ದಾವಣಗೆರೆ | ಮಂಗಳವಾರ ರಾತ್ರಿ

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ, ಯಾಕೆಂದರೆ ಅದು ಕತ್ತು ನೋವಿಗಿಂತ ಮುಖ್ಯ.

ಚಾರ್ಜರ್ ಒಳಗೆ ಫಿಲ್ಟರ್ ಕೆಪಾಸಿಟರ್ ಇರುತ್ತದೆ. ಅದರಿಂದ ತೀರಾ ಸಣ್ಣ ಕರೆಂಟು ಲ್ಯಾಪ್‌ಟಾಪಿನ ಲೋಹದ ಭಾಗಕ್ಕೆ ಬರುತ್ತದೆ. ಮೂರು ಪಿನ್ನಿನ ಚಾರ್ಜರಿನಲ್ಲಿ ದಪ್ಪ ಪಿನ್ ಅದನ್ನು ನೆಲಕ್ಕೆ ಇಳಿಸಬೇಕು. ಜುಂ ಅನ್ನುತ್ತಿದೆ ಅಂದರೆ ಅದು ಇಳಿಯುತ್ತಿಲ್ಲ. ನಿಮ್ಮದು ಎರಡೇ ಪಿನ್ನಿನ ಚಾರ್ಜರ್ ಆಗಿದ್ದರೆ ಅದು ಆ ಚಾರ್ಜರಿನ ಗುಣ, ಹೆದರಬೇಡಿ. ಮೂರು ಪಿನ್ ಇದ್ದೂ ಹೀಗಾದರೆ ಸಾಕೆಟ್ಟಿಗೆ ಅರ್ತಿಂಗ್ ಇಲ್ಲ ಅಂತ ಅನುಮಾನಿಸಬೇಕು. ಲ್ಯಾಪ್‌ಟಾಪಿನ ಜುಂ ಸಣ್ಣದು. ಅದೇ ಮನೆಯ ಮಿಕ್ಸಿ, ಗೀಸರ್, ಪಂಪಿನಲ್ಲಿ ಏನಾದರೂ ಕೆಟ್ಟರೆ ಜೀವಕ್ಕೇ ಬರುತ್ತದೆ. ಗೊತ್ತಿರುವ ಎಲೆಕ್ಟ್ರೀಷಿಯನ್ ಕರೆಸಿ ಅರ್ತಿಂಗ್ ನೋಡಿಸಿ. ನೀವೇ ತಂತಿ ಹಚ್ಚಿ ಪರೀಕ್ಷೆ ಮಾಡಬೇಡಿ. ಹಳೆಯ ಮನೆಗಳಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ ಮಾಡಿದ ಅರ್ತಿಂಗ್ ಇರುತ್ತದೆ. ಬೇಸಿಗೆಯಲ್ಲಿ ಅದು ಒಣಗಿದರೆ ಸರಿಯಾಗಿ ಕೆಲಸ ಮಾಡುವುದಿಲ್ಲ, ನೀರು ಹಾಕುತ್ತಿರಬೇಕು. ಮೂರು ಪಿನ್ನನ್ನು ಎರಡಾಗಿಸುವ ಸಣ್ಣ ಅಡಾಪ್ಟರ್ ಬಳಸುತ್ತಿದ್ದರೆ ಇವತ್ತೇ ಎಸೆಯಿರಿ.

ಕರೆಂಟು ಹೋಗುವ ವಿಷಯ. ನಿಮಗೆ ದೊಡ್ಡ ಇನ್ವರ್ಟರ್ ಬೇಕಾಗಿಲ್ಲ. ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ. ಕೆಲಸ ನಿಲ್ಲುವುದು ರೂಟರ್ ಆರಿದಾಗ. ರೂಟರಿಗೆ ಅಂತಲೇ ಸಣ್ಣ ಯುಪಿಎಸ್ ಸಿಗುತ್ತದೆ, ಸಾವಿರದಿಂದ ಒಂದೂವರೆ ಸಾವಿರ. ಕೊಳ್ಳುವ ಮುಂಚೆ ರೂಟರನ್ನು ಮಗುಚಿ ನೋಡಿ, 12 ವೋಲ್ಟ್ ಅಂತ ಇದೆಯಾ 9 ಅಂತ ಇದೆಯಾ. 9ರ ರೂಟರಿಗೆ 12 ಕೊಟ್ಟರೆ ಸುಟ್ಟು ಹೋಗಬಹುದು. ಫೈಬರಿನವರ ಡಬ್ಬಿ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಕರೆಂಟು ಬೇಕು, ಎರಡು ಔಟ್‌ಪುಟ್ ಇರುವ ಯುಪಿಎಸ್ ತೆಗೆದುಕೊಳ್ಳಿ.

ಗುಡುಗು ಬರುವ ಹಾಗಿದ್ದರೆ ಸ್ವಿಚ್ ಆರಿಸಿದರೆ ಸಾಲದು. ಶುರುವಾಗುವ ಮೊದಲೇ ಚಾರ್ಜರಿನ ಪ್ಲಗ್ಗನ್ನೇ ಕೀಳಿ, ರೂಟರಿನದೂ ಕೀಳಿ. ಸ್ಪೈಕ್ ಗಾರ್ಡ್ ಇದೆ ಅಂತ ನಂಬಿ ಕೂರಬೇಡಿ, ಹತ್ತಿರ ಬಿದ್ದ ಸಿಡಿಲಿಗೆ ಅದು ತಡೆ ಅಲ್ಲ.

ಹಳೇ ಕರಡು | ಮೈಸೂರು | ಬುಧವಾರ ಮಧ್ಯಾಹ್ನ

ವ್ಯಾಸಪೀಠದ ಮಾತು ನೋಡಿ ಬರೆಯಬೇಕೆನಿಸಿತು. ನನಗೆ 66 ವರ್ಷ. ಅಚ್ಚಿನ ಮೊಳೆ ಜೋಡಿಸುವ ಕಾಲದಿಂದ ಕರಡು ನೋಡುತ್ತಿದ್ದೇನೆ. ನೆಲದ ಮೇಲೆ ಕೂತೇ ಕೆಲಸ ಮಾಡಿ ಅಭ್ಯಾಸ. ಈಗಲೂ ಲ್ಯಾಪ್‌ಟಾಪನ್ನು ನೆಲದಲ್ಲೇ ಬಳಸುತ್ತೇನೆ.

ನೆಲದ ಮೇಲೆ ಕೂತರೂ ಲೆಕ್ಕ ಅದೇ. ಕೆಳಗೆ ಮಡಿಸಿದ ಜಮಖಾನ, ಬೆನ್ನಿಗೆ ಗೋಡೆ, ಸೊಂಟದ ಹಿಂದೆ ಸುತ್ತಿದ ಟವೆಲು. ಕೀಬೋರ್ಡಿಗೆ ಹತ್ತು ಇಂಚಿನ ತಗ್ಗು ಡೆಸ್ಕು. ಅದರ ಹಿಂದೆ ಸ್ಟೂಲಿನ ಮೇಲೆ ವ್ಯಾಸಪೀಠ, ವ್ಯಾಸಪೀಠದ ಮೇಲೆ ಲ್ಯಾಪ್‌ಟಾಪ್. ಮರ ನುಣುಪಾಗಿರುವುದರಿಂದ ಲ್ಯಾಪ್‌ಟಾಪ್ ಜಾರುತ್ತದೆ. ಅಡುಗೆ ಮನೆಯ ಕಪಾಟಿಗೆ ಹಾಸುವ ರಬ್ಬರ್ ಜಾಲರಿ ಬರುತ್ತದಲ್ಲ, ಅದರ ಎರಡು ತುಂಡು ಇಟ್ಟರೆ ಅಲುಗುವುದಿಲ್ಲ. ಅಡಿಯಲ್ಲಿ ಗಾಳಿ ಓಡಾಡುವುದರಿಂದ ಬಿಸಿಯೂ ಕಡಿಮೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುತ್ತೇನೆ. ಮಂಡಿ ನೋವಿರುವವರು ನೆಲದ ಸಹವಾಸಕ್ಕೆ ಹೋಗಬೇಡಿ.

ಇಲ್ಲಿ ಎಲ್ಲರೂ ಪರದೆಯ ಅಂಚು ಕಣ್ಣಿನ ಮಟ್ಟಕ್ಕೆ ಅನ್ನುತ್ತಿದ್ದೀರಿ. ಕಿರಿಯರಿಗೆ ಸರಿ. ನನ್ನಂತೆ ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಹಾಕುವವರು ಹತ್ತಿರದ್ದನ್ನು ಗಾಜಿನ ಕೆಳಭಾಗದಿಂದ ನೋಡಬೇಕು. ಪರದೆ ಎತ್ತರದಲ್ಲಿದ್ದರೆ ಗಲ್ಲ ಮೇಲೆತ್ತಿ ಕೂರುವ ಹಾಗಾಗುತ್ತದೆ. ಒಂದು ವರ್ಷ ಹಾಗೆ ಮಾಡಿ ಕತ್ತು ತಿರುಗದಂತಾಗಿತ್ತು. ಪರದೆಯನ್ನು ಮೂರು ಇಂಚು ಇಳಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಿದೆ. ಹಗುರವಾಯಿತು. ಆಮೇಲೆ ಕಂಪ್ಯೂಟರಿನ ದೂರಕ್ಕೆ ಅಂತಲೇ ಬೇರೆ ಕನ್ನಡಕ ಬರೆಸಿಕೊಂಡೆ. ಮನೆಯಲ್ಲಿ ಅಪ್ಪ ಅಮ್ಮ ಲ್ಯಾಪ್‌ಟಾಪ್ ಬಳಸುವುದಿದ್ದರೆ ದಯವಿಟ್ಟು ಇದನ್ನು ಗಮನಿಸಿ.

ಡೊಂಬಿವಲಿ ಕನ್ನಡತಿ | ಡೊಂಬಿವಲಿ | ಬುಧವಾರ ರಾತ್ರಿ

ನಿಮಗೆಲ್ಲ ಮೇಜು ಇಡಲು ಜಾಗವಾದರೂ ಇದೆ. ನಮ್ಮದು ಹತ್ತಕ್ಕೆ ಹತ್ತರ ಕೋಣೆ, ರಾತ್ರಿ ಅಲ್ಲೇ ಹಾಸಿಗೆ. ಜಾಗವೇ ಇಲ್ಲದವರಿಗೆ ನನ್ನ ಅನುಭವ ಹೇಳುತ್ತೇನೆ.

ಗೋಡೆಗೆ ಕಬ್ಬಿಣದ ಮಡಿಸುವ ಬ್ರಾಕೆಟ್ ಎರಡು ಹೊಡೆಸಿ, ಎರಡಡಿಗೆ ಒಂದೂವರೆ ಅಡಿಯ ಪ್ಲೈವುಡ್ ಕೂರಿಸಿದೆವು. ಕೆಲಸ ಮುಗಿದರೆ ಗೋಡೆಗೆ ಒರಗುತ್ತದೆ. ಎತ್ತರ ನನ್ನ ಮೊಣಕೈಗೆ ನೋಡಿಯೇ ಹೊಡೆಸಿದ್ದು. ಮೀಟಿಂಗ್ ಇದ್ದಾಗ ಇಸ್ತ್ರಿ ಬೋರ್ಡನ್ನು ಪೂರ್ತಿ ಎತ್ತರಕ್ಕೆ ಏರಿಸಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ನಿಂತೇ ಮಾತಾಡುತ್ತೇನೆ. ಟೈಪ್ ಮಾಡಿದರೆ ಅಲ್ಲಾಡುತ್ತದೆ, ಮಾತಿಗೆ ಮಾತ್ರ ಸರಿ.

ಹಾಸಿಗೆಯ ಮೇಲೆ ಇಟ್ಟು ಮಾತ್ರ ಕೆಲಸ ಮಾಡಬೇಡಿ. ತಳದ ಗಾಳಿ ಕಿಂಡಿ ಮುಚ್ಚಿ ನನ್ನ ಹಳೆಯ ಲ್ಯಾಪ್‌ಟಾಪ್ ಎಷ್ಟು ಸಲ ತಾನಾಗಿ ಆರಿಹೋಗಿತ್ತೋ. ಮತ್ತೆ ಬೆಳಕು. ಕಿಟಕಿ ಬೆನ್ನ ಹಿಂದೆ ಇದ್ದರೆ ಪರದೆಯಲ್ಲಿ ಮಿಂಚುತ್ತದೆ, ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ. ಪಕ್ಕಕ್ಕೆ ಬರುವ ಹಾಗೆ ಕೂರಿ.

ಬಿಸಿಲೂರು | ಕಲಬುರಗಿ | ಗುರುವಾರ

ಶಾಲೆ ಮೇಷ್ಟ್ರು ನಾನು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಲ್ಯಾಪ್‌ಟಾಪನ್ನು ಮೇಲೆ ಏರಿಸಿ ಇಡುವುದರಿಂದ ಕತ್ತಿಗಷ್ಟೇ ಅಲ್ಲ, ಅದಕ್ಕೂ ಉಸಿರಾಡಲು ಆಗುತ್ತದೆ. ಏರ್ ಕೂಲರಿನ ಗಾಳಿ ನೇರ ಲ್ಯಾಪ್‌ಟಾಪಿಗೆ ಬೀಳದಂತೆ ನೋಡಿಕೊಳ್ಳಿ, ಅದರಲ್ಲಿ ನೀರಿನ ಪಸೆ ಇರುತ್ತದೆ. ಯಾವಾಗಲೂ ಪ್ಲಗ್ಗಿನಲ್ಲೇ ಇಟ್ಟು ಬಳಸುವವರು ಬ್ಯಾಟರಿ 80ಕ್ಕೆ ನಿಲ್ಲುವ ಸೆಟ್ಟಿಂಗ್ ಹುಡುಕಿ. ಈಗಿನ ಹಲವು ಲ್ಯಾಪ್‌ಟಾಪುಗಳಲ್ಲಿ ಇದೆ. ಲಿಥಿಯಂ ಬ್ಯಾಟರಿಗೆ ಬಿಸಿಯೂ ಆಗದು, ಸದಾ ನೂರು ತುಂಬಿರುವುದೂ ಆಗದು. ಎರಡೂ ಸೇರಿದರೆ ಬೇಗ ಉಬ್ಬುತ್ತದೆ.

ಇನ್ನೊಂದು. ನನ್ನ ಲ್ಯಾಪ್‌ಟಾಪ್ ಹಳೆಯದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ನಿಂತಿತು, 11 ಇದರಲ್ಲಿ ಏರುವುದಿಲ್ಲ. ಒಳಗಿನ ಹಾರ್ಡ್ ಡಿಸ್ಕ್ ತೆಗೆಸಿ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಂಡೆ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ಬಳಸಿ ರೂಢಿಯಾದ ಕೀಲಿ ವಿನ್ಯಾಸ ಅಲ್ಲಿ ಕಗಪ ಹೆಸರಿನಲ್ಲಿ ಸಿಗುತ್ತದೆ, ಕೀಲಿಮಣೆ ಸೆಟ್ಟಿಂಗಿನಲ್ಲಿ ಸೇರಿಸಿಕೊಂಡರೆ ಆಯಿತು. ಹೊಸ ಲ್ಯಾಪ್‌ಟಾಪ್ ಕೊಳ್ಳುವ ದುಡ್ಡು ಉಳಿಯಿತು.

ಕರಾವಳಿ ಗಾಳಿ | ಕುಂದಾಪುರ | ಗುರುವಾರ

ಮಳೆಗಾಲದವರಿಗೆ ಒಂದು ಮಾತು. ಲ್ಯಾಪ್‌ಟಾಪನ್ನು ವಾರಗಟ್ಟಲೆ ಬ್ಯಾಗಿನಲ್ಲಿ ಮುಚ್ಚಿಡಬೇಡಿ, ಬೂಸ್ಟು ಹಿಡಿಯುತ್ತದೆ. ದಿನಾ ಸ್ವಲ್ಪ ಹೊತ್ತಾದರೂ ಓಡಿಸಿ, ಅದರ ಬಿಸಿಗೇ ಪಸೆ ಆರುತ್ತದೆ. ಮೇಜನ್ನು ಗೋಡೆಯಿಂದ ಎರಡು ಇಂಚು ಈಚೆ ಇಡಿ. ತಿಂಡಿ ತಟ್ಟೆ ಮೇಜಿನ ಮೇಲೆ ಬೇಡ. ನನ್ನ ಕೀಬೋರ್ಡಿನೊಳಗೆ ಇರುವೆ ಗೂಡು ಕಟ್ಟಿತ್ತು.

ಶರಾವತಿ ತೀರ | ಸಾಗರ | ಎರಡು ವಾರದ ನಂತರ

ಕುರ್ಚಿ ಸಿಕ್ಕಿತು. ಶಿವಮೊಗ್ಗದಲ್ಲಿ ಹಳೆಯ ಆಫೀಸ್ ಸಾಮಾನು ಮಾರುವವರ ಹತ್ತಿರ 2,200ಕ್ಕೆ. ಮೊದಲು ನೋಡಿದ ಕುರ್ಚಿಯಲ್ಲಿ ಐದು ನಿಮಿಷ ಕೂತಿದ್ದೆ, ನಿಧಾನವಾಗಿ ಕೆಳಗಿಳಿಯುತ್ತಿತ್ತು. ಸೀಟು ಎತ್ತಿ ಹಿಡಿಯುವ ಕಂಬದ ಗ್ಯಾಸ್ ಹೋಗಿದೆ ಅಂತ ಬಿಟ್ಟೆ. ಎರಡನೆಯದು ಗಟ್ಟಿ ಇದೆ. ಬೆನ್ನು ತಾಗಿಸಿ ಕೂತಾಗ ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ಮೂರು ಬೆರಳು ಜಾಗ ಉಳಿಯುತ್ತದೆ. ಅಷ್ಟು ಇರಬೇಕು ಅಂತ ಓದಿದ್ದೆ.

ಆದರೆ ಒಂದು ತೊಂದರೆ. ಪೂರ್ತಿ ಇಳಿಸಿದರೂ ಸೀಟು 17 ಇಂಚಿಗೆ ನಿಲ್ಲುತ್ತದೆ. ಪ್ಲಾಸ್ಟಿಕ್ ಕುರ್ಚಿ 16 ಇತ್ತು. ಹಿಮ್ಮಡಿ ನೆಲಕ್ಕೆ ಸರಿಯಾಗಿ ಊರುವುದಿಲ್ಲ. ತಪ್ಪು ಮಾಡಿದೆನಾ?

ಹಲಗೆ ಉಳಿ | ತೀರ್ಥಹಳ್ಳಿ | ಅದೇ ದಿನ

ತಪ್ಪಲ್ಲ. ನಿಮ್ಮ ಎತ್ತರದವರಿಗೆ ಹೆಚ್ಚಿನ ಆಫೀಸ್ ಕುರ್ಚಿ ಹಾಗೇ ಆಗುತ್ತದೆ. ಮೇಜಿನ ಹಲಗೆ ಕತ್ತರಿಸಿ ಉಳಿಯುವ ಬಾಗಿಲ ತುಂಡಿನಿಂದ ಒಂದು ಕಾಲ್ಮಣೆ ಮಾಡಿಸಿ, ಒಂದೂವರೆ ಇಂಚು ಸಾಕು, ಅಗಲ ಇರಲಿ. ಅದರ ಮೇಲೆ ಪಾದ ಇಟ್ಟು ಮೊಣಕೈಯನ್ನು ಇನ್ನೊಮ್ಮೆ ಅಳೆಯಿರಿ. ಹಳೆಯ 24½ ಮರೆತುಬಿಡಿ.

ಶರಾವತಿ ತೀರ | ಸಾಗರ | ಐದು ವಾರದ ನಂತರ

ಎಲ್ಲ ಮುಗಿಯಿತು. ಯಾರಿಗಾದರೂ ಉಪಯೋಗ ಆಗಲಿ ಅಂತ ಪೂರ್ತಿ ಬರೆಯುತ್ತಿದ್ದೇನೆ.

ಹೊಸ ಅಳತೆ 25½ ಬಂತು, ಮೇಜು ಅಷ್ಟಕ್ಕೇ ಮಾಡಿಸಿದೆ. ಹಳೆಯ ಬಾಗಿಲು 800, ಕಾಲಿನ ಮರ ಮತ್ತು ಕೂಲಿ ಸೇರಿ 1,500. ಬಡಗಿ ಮುಂದೆ ಪಟ್ಟಿ ಹೊಡೆಯಲು ಹೊರಟೇಬಿಟ್ಟಿದ್ದರು. ಇಲ್ಲಿ ಓದಿದ್ದರಿಂದ ತಡೆದೆ. ಉಳಿದ ತುಂಡಿನಲ್ಲಿ ಕಾಲ್ಮಣೆಯೂ ಲ್ಯಾಪ್‌ಟಾಪಿನ ಪೀಠವೂ ಆದವು. ಪೀಠ ಎಂಟು ಇಂಚು ಎತ್ತರ, ತಳದ ಕಿಂಡಿ ಇರುವ ಕಡೆ ದೊಡ್ಡ ತೂತು ಕೊರೆಸಿದ್ದೇನೆ. ವ್ಯಾಸಪೀಠ ಅಜ್ಜನ ಪುಸ್ತಕದ ಹತ್ತಿರವೇ ಇರಲಿ ಅಂತ ಅಮ್ಮ ಅಂದರು, ಹಾಗೇ ಬಿಟ್ಟೆ.

ಕೀಬೋರ್ಡ್, ಮೌಸ್ 950. ಕುರ್ಚಿ 2,200. ರೂಟರಿನ ಯುಪಿಎಸ್ 1,250. ರೂಟರಿನಿಂದ ಲ್ಯಾಪ್‌ಟಾಪಿಗೆ ನೇರ ಇಂಟರ್ನೆಟ್ ತರುವ ಲ್ಯಾನ್ ಕೇಬಲ್, ಜಗಲಿಯಿಂದ ಕೋಣೆಗೆ 20 ಮೀಟರ್, 450, ತಮ್ಮನೇ ಅಟ್ಟದ ಮೇಲಿಂದ ಎಳೆದ. ಜಂಬಿಟ್ಟಿಗೆ ಗೋಡೆಗೆ ಇದಕ್ಕಿಂತ ಒಳ್ಳೆಯ ಉಪಾಯ ಕಾಣಲಿಲ್ಲ. ಫೋನಿಗೆ ವೈಫೈಯಲ್ಲಿ 2.4 ಗಿಗಾಹರ್ಟ್ಸ್ ಆಯ್ದುಕೊಂಡಿದ್ದೇನೆ, 5 ಗಿಗಾಹರ್ಟ್ಸ್‌ಗಿಂತ ಅದು ಚೆನ್ನಾಗಿ ಗೋಡೆ ದಾಟುತ್ತದೆ. ಮೇಜಿನ ದೀಪ 400. ಎಲೆಕ್ಟ್ರೀಷಿಯನ್ ಬಂದು ನೋಡಿದರು, ನನ್ನ ಕೋಣೆಯ ಸಾಕೆಟ್ಟಿಗೆ ಅರ್ತ್ ತಂತಿಯನ್ನೇ ಕೊಟ್ಟಿರಲಿಲ್ಲ! ಅದಕ್ಕೆ 350. ಒಟ್ಟು 7,900. ಈಗ ಜುಂ ಅನ್ನುವುದಿಲ್ಲ. ದಾವಣಗೆರೆಯವರೇ, ನೀವು ಹೇಳದಿದ್ದರೆ ನಾನು ಚಪ್ಪಲಿ ಹಾಕಿಕೊಂಡೇ ಕೂತಿರುತ್ತಿದ್ದೆ.

ಭುಜದ ನೋವು ಎರಡನೇ ವಾರಕ್ಕೇ ಇಳಿಯಿತು. ಕತ್ತು ನಿಧಾನ. ಬೆಳಿಗ್ಗೆ ಸ್ವಲ್ಪ ಬಿಗಿ ಇರುತ್ತದೆ, ಸಂಜೆ ಮೊದಲಿನ ಹಾಗೆ ಕಲ್ಲಾಗುವುದಿಲ್ಲ. ಮೇಜಿನ ಎಡಕ್ಕೆ ಕಿಟಕಿ, ಕಿಟಕಿಯಾಚೆ ಅಡಿಕೆ ತೋಟ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಬೇಕು ಅನ್ನುತ್ತಾರಲ್ಲ, ನನಗೆ ತೋಟದಂಚಿನ ಹಲಸಿನ ಮರ ಇದೆ. ಅದನ್ನೇ ನೋಡುತ್ತೇನೆ.

ಎಸ್‌ಪಿ ರೋಡ್ ಸುತ್ತಾಟ | ಬೆಂಗಳೂರು | ಅದೇ ದಿನ

ಓದಿ ಖುಷಿಯಾಯಿತು. ಮೊದಲು ಮಾನಿಟರ್ ಅಂದಿದ್ದೆ, ನಿಮ್ಮ ಲೆಕ್ಕ ನೋಡಿದ ಮೇಲೆ ಗದಗಿನವರು ಹೇಳಿದ್ದೇ ಸರಿ ಅನಿಸಿತು. ಮುಂದಿನ ವರ್ಷ ಬೇಕಾದಾಗ ಹೇಳಿ, ನಾನೇ ನೋಡಿ, ಪರೀಕ್ಷೆ ಮಾಡಿ ಕಳಿಸುತ್ತೇನೆ.

ಬಿಸಿಲೂರು | ಕಲಬುರಗಿ | ಮರುದಿನ

ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ಒಂದೇ ಮೇಜಿನಲ್ಲಿ ನಾನೂ ಕೂರಬೇಕು, ಐದನೇ ಕ್ಲಾಸಿನ ಮಗಳೂ ಕೂರಬೇಕು. ಇಬ್ಬರಿಗೂ ಹೇಗೆ ಹೊಂದಿಸಲಿ?

ಹಲಗೆ ಉಳಿ | ತೀರ್ಥಹಳ್ಳಿ | ಮರುದಿನ ಸಂಜೆ

ಮೇಜು ನಿಮ್ಮ ಅಳತೆಗೇ ಇರಲಿ ಮೇಷ್ಟ್ರೇ. ಮಗಳಿಗೆ ಸೀಟಿನ ಮೇಲೆ ಗಟ್ಟಿ ದಿಂಬು, ಬೆನ್ನಿನ ಹಿಂದೆ ಇನ್ನೊಂದು, ಕಾಲಿಗೆ ಎತ್ತರದ ಕಾಲ್ಮಣೆ. ದಿಂಬು ಎಷ್ಟು, ಕಾಲ್ಮಣೆ ಎಷ್ಟು ಅಂತ ಹೇಳಲು ನಾಲ್ಕು ಅಳತೆ ಬೇಕು: ಮೇಜಿನ ಎತ್ತರ, ಸೀಟಿನ ಎತ್ತರ, ಕೂತಾಗ ಸೀಟಿನಿಂದ ಅವಳ ಮೊಣಕೈ, ಮಂಡಿಯ ಹಿಂಭಾಗದಿಂದ ಹಿಮ್ಮಡಿ. ಅಳೆದು ಇಲ್ಲಿ ಹಾಕಿ, ಲೆಕ್ಕ ಮಾಡಿ ಹೇಳುತ್ತೇನೆ. ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಬೇಕಾಗುತ್ತದೆ, ಬೆಳೆಯುವ ಮಗು.

ಬಿಸಿಲೂರು | ಕಲಬುರಗಿ | ಮರುದಿನ ರಾತ್ರಿ

ಮೇಜು 28, ಸೀಟು 17, ಮೊಣಕೈ 7, ಮಂಡಿಯಿಂದ ಹಿಮ್ಮಡಿ 14. ಟೇಪು ಅವಳೇ ಓದಿ ಬರೆದುಕೊಂಡಳು.

ಹಲಗೆ ಉಳಿ | ತೀರ್ಥಹಳ್ಳಿ | ಮರುದಿನ ರಾತ್ರಿ

ಹಾಗಾದರೆ ಕೂತ ಮೇಲೆ ನಾಲ್ಕು ಇಂಚು ಉಳಿಯುವ ಗಟ್ಟಿ ದಿಂಬು, ಏಳು ಇಂಚಿನ ಕಾಲ್ಮಣೆ. ಕಾಲ್ಮಣೆಯ ಕಾಲು ಅಗಲಕ್ಕೆ ಇರಲಿ, ಹತ್ತುವಾಗ ಮಗುಚಬಾರದು.